ಇಂಡಿಯನ್ ಓಪನ್: ಚೀಲ ಹೊತ್ತವರ ಪಂದ್ಯಾವಳಿ

1964ರಲ್ಲಿ ದಿಲ್ಲಿ ಗಾಲ್ಫ್ ಕ್ಲಬ್ಬಿನಲ್ಲಿ ಆರಂಭವಾದ ಇಂಡಿಯನ್ ಓಪನ್ ಭಾರತದ ರಾಷ್ಟ್ರೀಯ ಮುಕ್ತ ಗಾಲ್ಫ್ ಪಂದ್ಯಾವಳಿಯಾಗಿದ್ದು, ಇಲ್ಲಿ 'ಮುಕ್ತ' ಎಂದರೆ ಹಣಕ್ಕಾಗಿ ಆಡುವ ವೃತ್ತಿಪರರೂ ಹಣಕ್ಕಾಗಿ ಆಡದ ಹವ್ಯಾಸಿಗಳೂ ಒಂದೇ ಕಣದಲ್ಲಿ ಸೆಣಸಬಹುದೆಂಬ ಅರ್ಥ. ಮೊದಲ ಪ್ರಶಸ್ತಿ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ನರ ಪಾಲಾಯಿತು. ಬ್ರಿಟಿಷ್ ಓಪನ್ನನ್ನು ಐದು ಬಾರಿ ಗೆದ್ದ ಅವರು ಇಲ್ಲಿಯೂ 1966 ಮತ್ತು 1976ರಲ್ಲಿ ಮರಳಿ ಗೆದ್ದರು. ಅವರ ಮೊದಲ ಗೆಲುವಿನ ಮರುವರ್ಷವೇ, 1829ರಲ್ಲಿ ಸ್ಥಾಪನೆಯಾದ ರಾಯಲ್ ಕಲ್ಕತ್ತಾ ಕ್ಲಬ್ಬಿನ ಅಂಗಳದಲ್ಲಿ ಪಿ. ಜಿ. ಸೇಥಿ ಎಂಬ ಹವ್ಯಾಸಿ ಜಯಗಳಿಸಿದರಾದರೂ, ಆ ಬಳಿಕ ಕಾಲು ಶತಮಾನದವರೆಗೆ ಯಾವ ಭಾರತೀಯನ ಕೈಗೂ ಪ್ರಶಸ್ತಿ ಎಟುಕಲಿಲ್ಲ. ಆ ಬರವನ್ನು 1991ರಲ್ಲಿ ನೀಗಿದ ಅಲಿ ಶೇರ್, ಆಟಗಾರರ ಕೋಲುಗಳ ಚೀಲ ಹೊತ್ತು ಹಿಂದೆ ನಡೆಯುವ ಸಹಾಯಕರಾಗಿ, ಎಂದರೆ ಕ್ಯಾಡಿಯಾಗಿ, ಬೆಳೆದವರು. 1993ರಲ್ಲಿ ಅವರು ಮತ್ತೊಮ್ಮೆ ಗೆದ್ದರು. ಉಳ್ಳವರ ಆಟವೆಂದೇ ಹೆಸರಾದ ಗಾಲ್ಫಿನ ಸಾಮಾಜಿಕ ಚರಿತ್ರೆಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಭಾರತದಲ್ಲಿ ವಿರಳ. ಮುಂದೆ ಜ್ಯೋತಿ ರಂಧಾವಾ ಮೂರು ಬಾರಿ ವಿಜೇತರಾದರು. 2012ರಲ್ಲಿ ಪಂದ್ಯಾವಳಿ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಳಕ್ಕೂ ಬಂದಿತು. 2015ರಿಂದ ಯುರೋಪಿಯನ್ ಟೂರ್, ಅಂದರೆ ಅಲ್ಲಿನ ವೃತ್ತಿಪರರ ವಾರ್ಷಿಕ ಪಂದ್ಯಸರಣಿ, ಇದಕ್ಕೂ ಮಾನ್ಯತೆ ನೀಡಿದ್ದರಿಂದ ಸ್ಪರ್ಧೆ ಬಿಗಿಯಾಯಿತು. ಆದರೂ ಆ ವರ್ಷ ಅನಿರ್ಬನ್ ಲಾಹಿರಿಯೂ, 2016 ಮತ್ತು 2017ರಲ್ಲಿ ಸತತವಾಗಿ, ರಾಯಲ್ ಕಲ್ಕತ್ತಾದ ಹುಲ್ಲುಹಾಸು ನೋಡಿಕೊಳ್ಳುತ್ತಿದ್ದವರೊಬ್ಬರ ಮಗ ಎಸ್. ಎಸ್. ಪಿ. ಚೌರಾಸಿಯಾ ಅವರೂ ಪ್ರಶಸ್ತಿಯನ್ನು ದೇಶದಲ್ಲೇ ಉಳಿಸಿಕೊಂಡರು.