ಬೆಳ್ಳುಳ್ಳಿ ಬಿಟ್ಟ ಕೈಯಲ್ಲಿ ಬೇಟೆಯ ದುರ್ಬೀನು

ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಯುವ ಮನೆ. ಕುಡಿಯುವ ನೀರನ್ನು ಇಂದಿಗೂ ಬಟ್ಟೆಯಲ್ಲಿ ಸೋಸಿಯೇ ತುಂಬಿಡುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳು ಹೊಸ್ತಿಲು ದಾಟುವುದಿಲ್ಲ. ಮುಂಬಯಿಯ ಉಪನಗರದಲ್ಲಿಯೋ, ಪುಣೆಯ ಹೊಸ ಬಡಾವಣೆಯಲ್ಲಿಯೋ ಇರುವ ಇಂತಹ ಮನೆಯ ಮಗನೊಬ್ಬ ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತು ಅಮೆರಿಕದ ಅಂಗಡಿಯೊಂದಕ್ಕಾಗಿ ಲೇಖನ ಸಿದ್ಧಪಡಿಸುತ್ತಿದ್ದಾನೆ ಎಂದು ಇಟ್ಟುಕೊಳ್ಳಬಹುದು. ಲೇಖನದ ವಿಷಯ: ಜಿಂಕೆ ಬೇಟೆಗೆ ಯಾವ ದುರ್ಬೀನು ಉತ್ತಮ? ತಾಯಿ ಊಟದ ತಟ್ಟೆಯಲ್ಲಿ ಒಂದು ಇರುವೆ ಕಂಡರೆ ಬೆರಳಿನಿಂದ ಮೆಲ್ಲನೆ ಸರಿಸಿ ಪ್ರಾಣ ಉಳಿಸುತ್ತಾಳೆ. ಮಗ ಸಾವಿರಾರು ಮೈಲಿ ಆಚೆಯ ಕಾಡಿನಲ್ಲಿ ಜಿಂಕೆಯನ್ನು ಬೇಗ ಕಾಣುವ ಬಗೆಯನ್ನು ಅಪರಿಚಿತ ಬೇಟೆಗಾರನಿಗೆ ಕಲಿಸುತ್ತಾನೆ. ಒಂದೇ ಸೂರಿನ ಕೆಳಗೆ ನಡೆಯುವ ಈ ಎರಡು ಕ್ರಿಯೆಗಳ ನಡುವಿನ ದೂರವನ್ನು ಅಳೆಯುವ ಧೈರ್ಯ ಜೈನ ಸಮಾಜಕ್ಕೆ ಇನ್ನೂ ಬಂದಿಲ್ಲ.

ಆ ಲೇಖನದಲ್ಲಿ ಏನಿರುತ್ತದೆ ಎಂಬುದನ್ನು ಮೊದಲು ನೋಡಬೇಕು. ದುರ್ಬೀನಿನ ಮೇಲೆ 8×42 ಎಂದು ಬರೆದಿದ್ದರೆ ಮೊದಲ ಅಂಕೆ ವಸ್ತು ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದನ್ನು, ಎರಡನೆಯದು ಮುಂದಿನ ಮಸೂರದ ವ್ಯಾಸವನ್ನು ಮಿಲಿಮೀಟರುಗಳಲ್ಲಿ ತಿಳಿಸುತ್ತದೆ. 42ನ್ನು 8ರಿಂದ ಭಾಗಿಸಿದರೆ ಬರುವ 5.25 ಮಿಲಿಮೀಟರು ಕಣ್ಣಿಗೆ ತಲಪುವ ಬೆಳಕಿನ ಕಂಬದ ಅಗಲ. 10×42 ಆದರೆ ಆ ಅಗಲ 4.2ಕ್ಕೆ ಇಳಿಯುತ್ತದೆ, 8×56 ಆದರೆ 7ಕ್ಕೆ ಏರುತ್ತದೆ. ಹಗಲಿನಲ್ಲಿ ಈ ವ್ಯತ್ಯಾಸ ಯಾರಿಗೂ ತಿಳಿಯದು. ಕತ್ತಲು ಕವಿಯುವಾಗ ಯುವಕರ ಕಣ್ಣಿನ ಪಾಪೆ ಏಳು ಮಿಲಿಮೀಟರಿನವರೆಗೂ ಹಿಗ್ಗುವುದರಿಂದ ಆಗ ಮಾತ್ರ ಅಗಲವಾದ ಮಸೂರದ ಉಪಯೋಗ ಕಾಣಿಸುತ್ತದೆ. ಜಿಂಕೆ ಮೇಯಲು ಹೊರಡುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಆದ್ದರಿಂದಲೇ ಬೇಟೆಯ ಕೈಪಿಡಿಗಳೆಲ್ಲ ಮಂದ ಬೆಳಕಿನ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ. ಹಗಲಿಗೂ ಇರುಳಿಗೂ ಹೊಂದದ ಆ ಗಳಿಗೆಯನ್ನು ಪ್ರಾಣಿ ಆರಿಸಿಕೊಂಡದ್ದು ಜೀವ ಉಳಿಸಿಕೊಳ್ಳಲು. ಅದರ ಆ ಕೊನೆಯ ಮರೆಯನ್ನೂ ಕಿತ್ತುಕೊಳ್ಳುವುದಕ್ಕಾಗಿಯೇ ಗಾಜಿಗೆ ಅಷ್ಟು ಬೆಲೆ.

ಇಷ್ಟಾದರೂ ದುರ್ಬೀನು ಪಾಪದ ವಸ್ತುವೇನಲ್ಲ. ಅದೇ 8×42 ಪಕ್ಷಿವೀಕ್ಷಕನ ಕೊರಳಿನಲ್ಲಿಯೂ ತೂಗಾಡುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಕುಳಿತ ಮಗುವಿನ ಕೈಯಲ್ಲಿಯೂ ಇರುತ್ತದೆ. ಅದೇ ಗಾಜು, ಅದೇ ಅಶ್ರಗ, ಅದೇ ಬೆಳಕು. ಆದರೆ ಬೇಟೆಗಾಗಿಯೇ ಮಾಡಿದ ದುರ್ಬೀನುಗಳ ವಿಕಾಸವನ್ನು ಗಮನಿಸಿದವರಿಗೆ ಒಂದು ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಲೈಕಾ ಕಂಪನಿಯ ಜಿಯೋವಿಡ್ ಮಾದರಿಯಂತಹವುಗಳಲ್ಲಿ ಲೇಸರ್ ಕಿರಣ ಪ್ರಾಣಿಯ ದೂರವನ್ನು ಅಳೆಯುತ್ತದೆ. ಒಳಗಿನ ಗಣಕ ಅಷ್ಟು ದೂರದಲ್ಲಿ ಗುಂಡು ಎಷ್ಟು ಕೆಳಗಿಳಿಯುತ್ತದೆ, ಬಂದೂಕನ್ನು ಎಷ್ಟು ಮೇಲಕ್ಕೆತ್ತಿ ಗುರಿಯಿಡಬೇಕು ಎಂದು ಲೆಕ್ಕ ಹಾಕಿ ಕಣ್ಣೆದುರಿಗೇ ಅಂಕೆ ತೋರಿಸುತ್ತದೆ. ಆ ಕ್ಷಣದಿಂದ ಅದು ನೋಡುವ ಸಾಧನವಾಗಿ ಉಳಿಯುವುದಿಲ್ಲ. ಬಂದೂಕಿನ ಒಂದು ಅಂಗ ಬೇಟೆಗಾರನ ಕೊರಳಿಗೆ ಬಂದು ನೇತುಬಿದ್ದಿದೆ ಎಂದಷ್ಟೇ ಹೇಳಬೇಕಾಗುತ್ತದೆ. ಭಾರತದಲ್ಲಿ ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿ ಬೇಕು, ದುರ್ಬೀನಿಗೆ ಬೇಡ. ಕಾಯಿದೆಗೆ ಕಾಣದ ಈ ಸಂಬಂಧ ಶ್ರಾವಕನಿಗೂ ಕಾಣಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಶಾಸ್ತ್ರ ಹೇಳಿರುವುದು ಇದಕ್ಕೆ ತದ್ವಿರುದ್ಧವಾದುದನ್ನು. ಸಪ್ತವ್ಯಸನಗಳ ಪಟ್ಟಿಯಲ್ಲಿ ಜೂಜು, ಮಾಂಸ, ಮದ್ಯಗಳ ಸಾಲಿನಲ್ಲಿಯೇ ಬೇಟೆಯೂ ಇದೆ ಎಂಬುದನ್ನು ಪಾಠಶಾಲೆಗೆ ಹೋದ ಮಗುವೂ ಬಲ್ಲದು. ಆದರೆ ಪಾಠಶಾಲೆಯಲ್ಲಿ ಅಷ್ಟಾಗಿ ಬಿಡಿಸಿ ಹೇಳದ ಇನ್ನೊಂದು ವ್ರತವಿದೆ. ಅದು ಅನರ್ಥದಂಡ ವಿರತಿ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದರು: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಹಿಂಸೆಯ ಉಪಕರಣಗಳನ್ನು ಪರರಿಗೆ ಒದಗಿಸುವುದು ಹಿಂಸಾದಾನ. ಅಲ್ಲಿ ಹೆಸರಿಸಿದ ವಸ್ತುಗಳಲ್ಲಿ ಕೊಡಲಿ, ಕತ್ತಿಗಳ ಜೊತೆಗೆ ಗುದ್ದಲಿ, ಬೆಂಕಿ, ಸಂಕಲೆಗಳೂ ಸೇರಿವೆ ಎಂಬುದು ಗಮನಾರ್ಹ. ಗುದ್ದಲಿ ಪ್ರತಿ ರೈತನ ಮನೆಯಲ್ಲಿದೆ, ಬೆಂಕಿ ಪ್ರತಿ ಒಲೆಯಲ್ಲಿದೆ. ಅವು ಆಯುಧಗಳ ಸಾಲಿನಲ್ಲಿ ಬಂದುದರ ತಾತ್ಪರ್ಯ ಸ್ಪಷ್ಟವಾಗಿದೆ. ವಸ್ತು ನಿರ್ದೋಷಿಯಾಗಿರಬಹುದು, ಯಾವ ಕೆಲಸಕ್ಕೆಂದು ತಿಳಿದೂ ತಿಳಿದೂ ಅದನ್ನು ಕೈಗಿತ್ತವನು ನಿರ್ದೋಷಿಯಲ್ಲ.

ಅಕಲಂಕದೇವರು ‘ತತ್ತ್ವಾರ್ಥ ರಾಜವಾರ್ತಿಕ’ದಲ್ಲಿ ಪಾಪೋಪದೇಶವನ್ನು ವಿವರಿಸುತ್ತ ವಧಕೋಪದೇಶವೆಂಬ ಒಂದು ಬಗೆಯನ್ನೇ ಪ್ರತ್ಯೇಕವಾಗಿ ಹೇಳುತ್ತಾರೆ. ಬಲೆ ಒಡ್ಡುವವರಿಗೂ ಬೇಟೆಗಾರರಿಗೂ ಇಂತಹ ಪ್ರದೇಶದಲ್ಲಿ ಜಿಂಕೆಗಳಿವೆ, ಹಂದಿಗಳಿವೆ, ಹಕ್ಕಿಗಳಿವೆ ಎಂದು ತಿಳಿಸುವುದು ವಧಕೋಪದೇಶ. ಬಾಣ ಬಿಟ್ಟವನ ಮಾತು ಅಲ್ಲಿ ಬಂದೇ ಇಲ್ಲ. ಬೆರಳು ತೋರಿಸಿದವನ ಮಾತು ಮಾತ್ರ ಬಂದಿದೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ದುರ್ಬೀನು ಇರಲಿಲ್ಲ. ಆದರೆ ದುರ್ಬೀನು ಇಂದು ಮಾಡುವ ಕೆಲಸವನ್ನು ಅಂದು ಒಬ್ಬ ಮನುಷ್ಯನ ಬೆರಳು ಮಾಡುತ್ತಿತ್ತು. ಆ ಬೆರಳನ್ನು ಆಚಾರ್ಯರು ಕಂಡಿದ್ದರು. ಬೇಟೆಯ ದುರ್ಬೀನನ್ನು ಆರಿಸಿಕೊಡುವ ಲೇಖನ ವಧಕೋಪದೇಶವಲ್ಲವಾದರೆ ಮತ್ತಾವುದು ವಧಕೋಪದೇಶ?

ಇಲ್ಲಿ ಸಮಾಧಾನದ ಮಾತುಗಳು ಒಂದರ ಹಿಂದೆ ಒಂದು ಹೊರಡುತ್ತವೆ. ಅವುಗಳಲ್ಲಿ ಕೆಲವು ತೂಕದವು. ಅವನ್ನು ತಳ್ಳಿಹಾಕಿ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ.

ಮೊದಲನೆಯದು: ಅವನು ಕೊಲ್ಲಲಿಲ್ಲ, ಬರೆದನಷ್ಟೆ. ಈ ಮಾತಿಗೆ ಕನ್ನಡ ಜೈನರು ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. 1209ರಲ್ಲಿ ಜನ್ನ ‘ಯಶೋಧರ ಚರಿತೆ’ಯನ್ನು ಬರೆದದ್ದೇ ಇದಕ್ಕಾಗಿ. ಯಶೋಧರ ಬಲಿಗೊಟ್ಟದ್ದು ಹಿಟ್ಟಿನ ಕೋಳಿಯನ್ನು. ರಕ್ತ ಹರಿಯಲಿಲ್ಲ, ಪ್ರಾಣ ಹೋಗಲಿಲ್ಲ. ಆದರೂ ಆ ಸಂಕಲ್ಪಹಿಂಸೆಗಾಗಿ ತಾಯಿಯೂ ಮಗನೂ ಭವಭವಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಬಾಧೆಪಟ್ಟರು. ಈ ಕಥೆಯನ್ನು ಹೆಮ್ಮೆಯಿಂದ ನೆನೆಯುವ ಸಮಾಜ, ನಿಜವಾದ ಜಿಂಕೆಯ ಮೇಲೆ ನಿಜವಾದ ಗುಂಡು ಬೀಳಲು ನೆರವಾದ ಬರಹವನ್ನು ‘ಬರಿಯ ಬರಹ’ ಎನ್ನುವುದು ಹೇಗೆ? ಹಿಟ್ಟಿನ ಕೋಳಿಗಿಂತ ಅದು ಹಗುರವೇ?

ಎರಡನೆಯದು: ಹೊಟ್ಟೆಪಾಡು. ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಅನಿವಾರ್ಯವೆಂದು ಶಾಸ್ತ್ರವೇ ಒಪ್ಪಿದೆಯಲ್ಲ ಎಂದು ಕೇಳುವವರಿದ್ದಾರೆ. ಒಪ್ಪಿರುವುದು ನಿಜ. ಉಳುವಾಗ, ಕಟ್ಟುವಾಗ, ಸರಕು ಸಾಗಿಸುವಾಗ ಬೇಡವೆಂದರೂ ಆಗುವ ಹಿಂಸೆ ಅದು. ಬೇಟೆಯಲ್ಲಿ ಕೊಲೆ ಅಕಸ್ಮಾತ್ತಾಗಿ ಆಗುವುದಿಲ್ಲ. ಕೊಲೆಯೇ ಅದರ ಉದ್ದೇಶ, ಅದು ಸಂಕಲ್ಪೀ ಹಿಂಸೆ. ಸಂಕಲ್ಪೀ ಹಿಂಸೆಗೆ ಒದಗಿಸುವ ಸೇವೆಯನ್ನು ಉದ್ಯೋಗೀ ಹಿಂಸೆಯ ಕಪಾಟಿನಲ್ಲಿಡುವುದು ಲೆಕ್ಕದ ಪುಸ್ತಕದಲ್ಲಿ ಬಾಬತ್ತು ಬದಲಿಸಿ ಬರೆದಂತೆ. ಲೆಕ್ಕ ಇಡುವುದರಲ್ಲಿ ಹೆಸರಾದ ಸಮಾಜಕ್ಕೆ ಆ ತಪ್ಪು ಕಾಣದೆ ಇರದು. ಸಾಲದ ಕಂತು ಕಟ್ಟುವ ಯುವಕ ಕೆಲಸ ಬಿಟ್ಟು ಬೀದಿಗೆ ಬೀಳಬೇಕೆಂದು ಯಾರೂ ಹೇಳುತ್ತಿಲ್ಲ. ಈ ಒಂದು ಬರಹವನ್ನು ಬೇರೆಯವರಿಗೆ ಕೊಡಿ, ಪಕ್ಷಿವೀಕ್ಷಣೆಯ ಬರಹವನ್ನು ತನಗೆ ಕೊಡಿ ಎಂದು ಮೇಲಧಿಕಾರಿಯನ್ನು ಕೇಳುವಷ್ಟು ಬಾಯಿ ಅವನಿಗೆ ಇರಬೇಕು. ಕಚೇರಿಯ ಔತಣದಲ್ಲಿ ಬೆಳ್ಳುಳ್ಳಿಯಿಲ್ಲದ ಊಟವನ್ನು ಅವನು ಕೇಳಿ ಪಡೆಯುವುದಿಲ್ಲವೇ?

ಮೂರನೆಯದು ಹೆಚ್ಚು ಗಟ್ಟಿಯಾದುದು. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಳ ಸಂತತಿ ಮಿತಿಮೀರಿದೆ. ಅವು ಎಳೆಯ ಮರಗಳನ್ನು ಮೇಯುತ್ತವೆ, ಹೆದ್ದಾರಿಗಳಲ್ಲಿ ವಾಹನಗಳಿಗೆ ಅಡ್ಡ ಬರುತ್ತವೆ. ಬೇಟೆಯಿಂದಲೇ ಸಮತೋಲ ಉಳಿದಿದೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯಂತೆ ಬಂದೂಕು ಮತ್ತು ಮದ್ದುಗುಂಡುಗಳ ಮೇಲೆ ವಿಧಿಸುವ ತೆರಿಗೆ ವನ್ಯಜೀವಿಗಳ ರಕ್ಷಣೆಗೇ ಹೋಗುತ್ತದೆ. ಇವೆಲ್ಲವೂ ಸತ್ಯ. ಆದರೆ ಸತ್ಯದ ಇನ್ನರ್ಧವೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಾರಾಟಕ್ಕಾಗಿ ನಡೆದ ಬೇಟೆಯೇ ಆ ಜಿಂಕೆಗಳನ್ನು ಅಳಿವಿನ ಅಂಚಿಗೆ ತಳ್ಳಿತ್ತು. ಜಿಂಕೆಯನ್ನು ಹದ್ದಿನಲ್ಲಿಟ್ಟಿದ್ದ ತೋಳಗಳನ್ನು ಬಹುಪಾಲು ರಾಜ್ಯಗಳಿಂದ ಗುಂಡು, ಉರುಲು, ವಿಷಗಳಿಂದ ಇಲ್ಲವಾಗಿಸಿದವರೂ ಮನುಷ್ಯರೇ. ಕಾವಲುಗಾರನನ್ನು ಕೊಂದವರು ತಾವೇ ಕಾವಲುಗಾರರೆಂದು ಹೇಳಿಕೊಳ್ಳುವುದು ಆ ದೇಶದ ರಾಜಕಾರಣದ ಸಂಗತಿ. ಅದನ್ನು ಅಲ್ಲಿನವರು ತೀರ್ಮಾನಿಸಿಕೊಳ್ಳಲಿ. ದುರ್ಬೀನಂತೂ ಆ ತೆರಿಗೆಯ ಪಟ್ಟಿಯಲ್ಲಿಯೇ ಇಲ್ಲ; ಆದ್ದರಿಂದ ಆ ಪುಣ್ಯದಲ್ಲಿ ದುರ್ಬೀನಿನ ದಲ್ಲಾಳಿಗೆ ಪಾಲಿಲ್ಲ. ಹೊಲ ಕಳೆದುಕೊಂಡ ರೈತನ ನೋವಿನ ಪ್ರಶ್ನೆ ಬೇರೆ. 2016ರಲ್ಲಿ ಬಿಹಾರದಲ್ಲಿ ನೀಲಗಾಯಿಗಳನ್ನು ಗುಂಡಿಟ್ಟು ಕೊಂದಾಗ ಕೇಂದ್ರದ ಇಬ್ಬರು ಸಚಿವರೇ ಬಹಿರಂಗವಾಗಿ ವಾದಕ್ಕಿಳಿದರು. ಅಲ್ಲಿ ಬೆಳೆಯೂ ಇತ್ತು, ಹಸಿವೂ ಇತ್ತು. ಕೊಂಬಿನ ಕವಲುಗಳನ್ನು ದೂರದಿಂದಲೇ ಎಣಿಸಿ, ಗೋಡೆಗೆ ತೂಗಹಾಕಲು ತಕ್ಕ ತಲೆ ಯಾವುದೆಂದು ಆರಿಸುವ ಗಾಜಿನ ಹಿಂದೆ ಯಾವ ಹಸಿವಿದೆ?

ನಾಲ್ಕನೆಯದು: ಒಳ್ಳೆಯ ದುರ್ಬೀನು ಇದ್ದರೆ ತಪ್ಪು ಗುಂಡು ತಪ್ಪುತ್ತದೆ, ಪೊದೆಯ ಹಿಂದಿನ ಮನುಷ್ಯ ಬದುಕುತ್ತಾನೆ. ಇದೂ ನಿಜ. ಬಂದೂಕಿನ ದೂರದರ್ಶಕದಿಂದ ಹುಡುಕಾಡಬಾರದು, ಮೊದಲು ದುರ್ಬೀನಿನಿಂದ ನೋಡಿ ಗುರುತಿಸಬೇಕು ಎಂಬ ನಿಯಮ ಬೇಟೆಗಾರರಲ್ಲಿಯೇ ಇದೆ. ಈ ಮಾತಿನ ಬೆಲೆಯನ್ನು ಒಪ್ಪಬೇಕು. ಆದರೆ ಕೊಲೆಯನ್ನು ಅಚ್ಚುಕಟ್ಟಾಗಿ ಮಾಡುವ ಬಗೆಯನ್ನು ಕಲಿಸುವ ಹೊಣೆ ಜೈನನ ಮೇಲೆ ಎಂದಿನಿಂದ ಬಿತ್ತು? ತಾನು ಬರೆಯದಿದ್ದರೆ ಇನ್ನೊಬ್ಬ ಬರೆಯುತ್ತಾನೆ ಎಂಬ ಕೊನೆಯ ಮಾತಿಗಂತೂ ಉತ್ತರವೇ ಬೇಡ. ಹಾಗೆ ಹೊರಟರೆ ಯಾವ ವ್ರತವೂ ಉಳಿಯದು.

ಪ್ರಶ್ನೆ ಆ ಒಬ್ಬ ಯುವಕನದೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಅವನಿಗಿಂತ ದೊಡ್ಡ ದೋಷ ಹಿರಿಯರದು. ಪರ್ಯೂಷಣದ ದಿನಗಳಲ್ಲಿ ಮಾಂಸದ ಅಂಗಡಿಗಳನ್ನು ಮುಚ್ಚಿಸಬೇಕೆಂಬ ಬೇಡಿಕೆಯ ಸುತ್ತ 2015ರಲ್ಲಿ ಮುಂಬಯಿ ಮತ್ತು ಮೀರಾ–ಭಾಯಂದರ್‌ಗಳಲ್ಲಿ ಎದ್ದ ವಿವಾದ ಇನ್ನೂ ಆರಿಲ್ಲ. ನೆರೆಯವನ ಒಲೆಯ ಮೇಲೆ ಏನಿರಬೇಕೆಂಬುದನ್ನು ಪಾಲಿಕೆಯ ಆದೇಶದಿಂದ ನಿರ್ಧರಿಸಲು ಹೊರಟವರು ಸ್ವಂತ ಗಲ್ಲಾಪೆಟ್ಟಿಗೆಗೆ ಹಣ ಯಾವ ಬಾಗಿಲಿನಿಂದ ಬರುತ್ತದೆಂದು ನೋಡಲಿಲ್ಲ. ವ್ರತವೆಂಬುದು ತನ್ನ ಮೇಲೆ ತಾನು ಹಾಕಿಕೊಳ್ಳುವ ಕಟ್ಟು. ಪರರ ಮೇಲೆ ಹೇರಿದಾಗ ಅದು ಬರಿಯ ಅಧಿಕಾರ. ಪಂಚಕಲ್ಯಾಣದಲ್ಲಿ ಕಲಶದ ಸವಾಲು ಕೂಗುವಾಗ ಮೊತ್ತವನ್ನು ಮೂರು ಸಲ ಹೇಳುವ ದನಿ, ಆ ಮೊತ್ತದ ಮೂಲವನ್ನು ಒಂದು ಸಲವೂ ಕೇಳುವುದಿಲ್ಲ. ತಟ್ಟೆಯ ಅಹಿಂಸೆಯನ್ನು ಮಾತ್ರ ಕಲಿಸಿದ ಹಿರಿಯರು ದುಡಿಮೆಯ ಅಹಿಂಸೆಯನ್ನು ಕಲಿಸಲಿಲ್ಲವಾದರೆ, ಮಗನಿಗೆ ತನ್ನ ಬರಹದಲ್ಲಿ ದೋಷ ಕಾಣದಿದ್ದುದರಲ್ಲಿ ಆಶ್ಚರ್ಯವೇನು?

ಆಗಬೇಕಾದ ಕೆಲಸ ಕಷ್ಟದ್ದಲ್ಲ. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಒಂದು ಸಂಜೆಯನ್ನಾದರೂ ಅನರ್ಥದಂಡ ವ್ರತಕ್ಕೆ ಮೀಸಲಿಡಲಿ. ಆ ಸಂಜೆ ಹಿರಿಯರು ಕೇಳಲಿ, ಕಿರಿಯರು ತಮ್ಮ ತಮ್ಮ ಕೆಲಸದ ಸಂಕಟಗಳನ್ನು ಅಳುಕಿಲ್ಲದೆ ಹೇಳಲಿ. ಅಂಗಡಿ ಇಟ್ಟವರು ದುರ್ಬೀನು ಮಾರುವುದನ್ನು ಬಿಡಬೇಕಾಗಿಲ್ಲ. ಬೇಟೆಯ ಹೆಸರಿನಲ್ಲಿ, ಗುಂಡಿನ ಲೆಕ್ಕ ಹಾಕುವ ಯಂತ್ರದೊಡನೆ ಮಾರುವುದನ್ನು ಬಿಡಲಿ. ಷೇರು ಕೊಳ್ಳುವವರು ಲಾಭಾಂಶದ ಜೊತೆಗೆ ಕಂಪನಿಯ ಸರಕನ್ನೂ ಒಮ್ಮೆ ನೋಡಲಿ.

ಮಕ್ಕಳ ಕೈಗೆ ದುರ್ಬೀನು ಕೊಡಲಿ. ಹೈದರಾಬಾದಿನಲ್ಲಿರುವ ಕನ್ನಡ ಜೈನ ಕುಟುಂಬಗಳಿಗೆ ಅದಕ್ಕೆ ತಕ್ಕ ಜಾಗ ಊರಿನಲ್ಲಿಯೇ ಇದೆ. ಒಂದು ಕಾಲಕ್ಕೆ ನಿಜಾಮರು ಬೇಟೆಯಾಡುತ್ತಿದ್ದ ನೆಲಕ್ಕೆ, ಮಹಾವೀರ ಸ್ವಾಮಿಯ ನಿರ್ವಾಣದ 2500ನೆಯ ವರ್ಷದ ನೆನಪಿಗಾಗಿ 1975ರಲ್ಲಿ ಮಹಾವೀರ ಹರಿಣ ವನಸ್ಥಲಿ ಎಂಬ ಹೆಸರು ಬಂತು. ಗುಂಡಿನ ಸದ್ದು ಕೇಳುತ್ತಿದ್ದಲ್ಲಿ ಇಂದು ಕೃಷ್ಣಮೃಗಗಳು ಮೇಯುತ್ತವೆ. ಚೆನ್ನೈಯವರಿಗೆ ಗಿಂಡಿ, ಮುಂಬಯಿಯವರಿಗೆ ಬೊರಿವಲಿಯ ಕಾಡು, ಊರಿಗೆ ಹೋದಾಗ ರಾಣೆಬೆನ್ನೂರು. ಅಲ್ಲಿ ಮುಸ್ಸಂಜೆಯ ಮಂದ ಬೆಳಕಿನಲ್ಲಿ 8×42ರ ಮೂಲಕ ಜಿಂಕೆಯ ಕಿವಿ ನಿಮಿರುವುದನ್ನು, ಮರಿ ತಾಯಿಯ ಹೊಟ್ಟೆಯ ಕೆಳಗೆ ನುಸುಳುವುದನ್ನು ಕಂಡ ಮಗು ಮುಂದೆ ಬೇಟೆಯ ಕೈಪಿಡಿ ಬರೆಯಲು ಕುಳಿತರೆ ಅದರ ಕೈ ತಾನಾಗಿ ತಡೆಯುತ್ತದೆ.

ನೇಮಿಕುಮಾರನೂ ನೋಡಿದ್ದು ಅಷ್ಟೇ. ಮದುವೆಯ ದಿಬ್ಬಣದ ದಾರಿಯಲ್ಲಿ ಕೂಡಿಹಾಕಿದ ಮೃಗಗಳನ್ನು ಕಂಡ, ಅವು ಏಕೆ ಅಲ್ಲಿವೆ ಎಂದು ಕೇಳಿದ, ಉತ್ತರ ತಿಳಿದ ಮೇಲೆ ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಶ್ರವಣಬೆಳಗೊಳಕ್ಕೆ ಹೋದವರು ಪಕ್ಕದ ಜಿನನಾಥಪುರದ ಶಾಂತಿನಾಥ ಬಸದಿಗೂ ಹೋಗಿ ಕೈಮುಗಿದು ಬರುತ್ತಾರೆ. ಆ ಸ್ವಾಮಿಯ ಲಾಂಛನ ಜಿಂಕೆ. ಅದರ ಮುಂದೆ ತಲೆಬಾಗಿ ಎದ್ದವರು ಮನೆಗೆ ಮರಳಿ ಅದೇ ಜಿಂಕೆಯ ಜಾಡನ್ನು ಯಾರಿಗೆ ತೋರಿಸುತ್ತಿದ್ದಾರೆ ಎಂದು ಕೇಳಿಕೊಳ್ಳುವ ಕಾಲ ಬಂದಿದೆ.