ಸುಗ್ಗಿಯ ನಡುವೆ ಒಂದು ದಿನ

ಸುಗ್ಗಿಯ ದಿನಗಳಲ್ಲಿ ಮಠಕ್ಕೆ ಬರುವ ಭಕ್ತಾದಿಗಳ ಸಂಖ್ಯೆ ಕಡಿಮೆ. ಬಂದವರು ಕೂಡ ಕೈಮುಗಿದು, ವಿಭೂತಿ ಧರಿಸಿ, ನಿಂತ ಕಾಲಲ್ಲೇ ಹೊರಡುತ್ತಾರೆ. ನಾವು ಅದನ್ನು ತಪ್ಪೆನ್ನುವುದಿಲ್ಲ. ಹೊಲದಲ್ಲಿ ಬೆಳೆ ನಿಂತಿರುವಾಗ ರೈತನ ಮನಸ್ಸು ಮಠದಲ್ಲಿ ನಿಲ್ಲುವುದು ಕಷ್ಟ. ಇಂಥ ದಿನಗಳಲ್ಲಿಯೇ, ಕಳೆದ ಕಾರ್ತಿಕ ಮಾಸದ ಕೊನೆಗೆ, ಹುಣಸಗಿ ಭಾಗದ ಇಬ್ಬರು ಸಹೋದರರು ನಮ್ಮಲ್ಲಿಗೆ ಬಂದು ಅರ್ಧ ದಿನ ಕುಳಿತರು. ಅವರ ನಡುವೆ ವ್ಯಾಜ್ಯವಿತ್ತು.

ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಭತ್ತ ಕೊಯ್ಲಿಗೆ ಬಂದಿತ್ತು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬರುವ ಕೊಯ್ಲಿನ ಯಂತ್ರವನ್ನು ಇವರ ಹೊಲಕ್ಕೆ ಗೊತ್ತುಮಾಡಿಯಾಗಿತ್ತು. ಅಣ್ಣ ಬ್ಯಾಂಕಿನ ಕೆಲಸದ ಮೇಲೆ ಶಹಾಪುರಕ್ಕೆ ಹೋಗಿದ್ದ. ಹೊಲ ನೋಡಿಕೊಳ್ಳಬೇಕಾದವನು ತಮ್ಮ. ಆ ದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದ ಅವರ ತಾಯಿ, ಎಂಬತ್ತರ ಆಸುಪಾಸಿನವರು, ‘ನಾ ಒಮ್ಮೆ ಡ್ಯಾಮಿನ ನೀರ ನೋಡಬೇಕಪಾ’ ಎಂದರಂತೆ. ಎಂದೂ ಏನನ್ನೂ ಕೇಳದ ತಾಯಿ. ತಮ್ಮ ಮರುಮಾತಾಡಲಿಲ್ಲ. ಹೆಂಡತಿ, ಅತ್ತಿಗೆ, ಮಕ್ಕಳು ಎಲ್ಲರನ್ನೂ ಟಂಟಂ ಗಾಡಿಯಲ್ಲಿ ಕೂರಿಸಿಕೊಂಡು ಬಸವಸಾಗರಕ್ಕೆ ಹೊರಟೇಬಿಟ್ಟ. ಹೊಲದಲ್ಲಿ ಯಾರೂ ಇಲ್ಲದ್ದನ್ನು ಕಂಡು ಯಂತ್ರದವನು ಬೇರೆಯವರ ಗದ್ದೆಗೆ ಹೋದ. ಅವನು ತಿರುಗಿ ಬರುವುದರೊಳಗೆ ಅಕಾಲದ ಮಳೆ ಬಿತ್ತು, ಎರಡು ಎಕರೆ ಭತ್ತ ನೆಲಕ್ಕೆ ಮಲಗಿತು.

‘ಯಪ್ಪಾ, ನೀವೇ ಹೇಳ್ರಿ. ಸುಗ್ಗಿ ಬಿಟ್ಟು ನೀರ ನೋಡಾಕ ಹೋಗೋದು ಯಾವ ಧರ್ಮ? ಕೆರಿಯಾಗ ಲಿಂಗ ಬಿದ್ರೂ ನುಲಿಯ ಚಂದಯ್ಯನವರು ಕಾಯಕ ಬಿಡಲಿಲ್ಲ ಅಂತ ನೀವೇ ಪುರಾಣದಾಗ ಹೇಳೀರಿ. ನಷ್ಟ ಅವನ ಪಾಲಿಗೇ ಹಾಕ್ರಿ’ ಎಂದ ಅಣ್ಣ.

ನಮಗೆ ಮೊದಲು ನಗು ಬಂತು, ಆಮೇಲೆ ಸಂಕೋಚವಾಯಿತು. ಮಾತು ನಮ್ಮದೇ. ಶಾಲೆಯ ಕಟ್ಟಡ ಉದ್ಘಾಟನೆಯಿರಲಿ, ಜಾತ್ರೆಯ ಧರ್ಮಸಭೆಯಿರಲಿ, ನಾವು ಸ್ವಾಮಿಗಳು ಮೈಕಿನ ಮುಂದೆ ನಿಂತರೆ ಕಾಯಕದ ಮಹಿಮೆಯನ್ನೇ ಹೇಳುತ್ತೇವೆ. ದುಡಿಯಿರಿ, ಸೋಮಾರಿಯಾಗಬೇಡಿರಿ ಎನ್ನುತ್ತೇವೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳುವುದೇ ಇಲ್ಲ. ಕೇಳಿದವರು ಅರ್ಧ ಪಾಠವನ್ನೇ ಪೂರ್ಣ ಪಾಠವೆಂದು ತಿಳಿದರೆ ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ.

ಚಂದಯ್ಯನವರ ಕಥೆ ಎಲ್ಲರೂ ಬಲ್ಲದ್ದು. ಹಗ್ಗ ಹೊಸೆಯುವ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕೆರೆಯ ನೀರಿಗೆ ಜಾರಿತು. ಅವರು ಅದನ್ನು ಎತ್ತಿಕೊಳ್ಳದೆ ಹುಲ್ಲಿನ ಹೊರೆ ಹೊತ್ತು ನಡೆದರು. ಲಿಂಗವೇ ಬೆನ್ನುಹತ್ತಿ ಬಂತು, ಮಡಿವಾಳ ಮಾಚಯ್ಯನವರು ನಡುವೆ ಬಂದು ಸಮಾಧಾನ ಮಾಡಬೇಕಾಯಿತು. ಆದರೆ ಆ ಹೊರೆಯಲ್ಲಿ ಇದ್ದದ್ದು ಏನು? ಅಂದಿನ ಹಗ್ಗ, ಆ ಹಗ್ಗದಿಂದ ಅಂದಿನ ಜಂಗಮದಾಸೋಹ. ಮನೆಯ ಬಾಗಿಲಿಗೆ ಬರುವ ಜಂಗಮ ಹಸಿದು ಹೋಗಬಾರದೆಂಬ ಅವಸರ ಅದು. ಕಾಯಕ ದೊಡ್ಡದಾದದ್ದು ದಾಸೋಹದಿಂದ. ದಾಸೋಹವನ್ನು ಕಳಚಿಟ್ಟ ದುಡಿಮೆ ಕೂಲಿ, ಇಲ್ಲವೆ ಲೋಭ. ಮನೆಯಲ್ಲಿಯೇ ಕುಳಿತ ಹಿರಿಯ ಜೀವವೊಂದು ಬಾಯಿಬಿಟ್ಟು ಕೇಳಿದ್ದನ್ನು ಕೊಡಲಾಗದಿದ್ದರೆ ಆ ಭತ್ತವನ್ನು ಯಾರಿಗಾಗಿ ಕೊಯ್ಯುವುದು ಎಂದು ನಾವು ಅಣ್ಣನನ್ನು ಕೇಳಿದೆವು.

ದೂರ ಹೋಗುವುದೇ ಬೇಡ. ಹೊಳೆಯ ಆಚೆ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಅನುಭಾವದ ಮಾತಿನಲ್ಲಿ ಮೈಮರೆತ ಗಂಡನಿಗೆ ಕಾಯಕದ ಹೊತ್ತಾಯಿತೆಂದು ಎಚ್ಚರಿಸಿದವಳು ಲಕ್ಕಮ್ಮ. ಅದೇ ಗಂಡ ಎಂದಿನದಕ್ಕಿಂತ ಹೆಚ್ಚು ಅಕ್ಕಿ ಆಯ್ದುತಂದಾಗ, ತಂದಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದವಳೂ ಅವಳೇ. ಈ ಎರಡು ಪ್ರಸಂಗಗಳಲ್ಲಿ ಮೊದಲನೆಯದನ್ನು ಜನ ಬಾಯಿಪಾಠ ಮಾಡಿದ್ದಾರೆ, ಎರಡನೆಯದನ್ನು ಕಥೆಯೆಂದು ಕೇಳಿ ಮರೆಯುತ್ತಾರೆ. ಅಳತೆಯಿದ್ದರೆ ಕಾಯಕ, ಇಲ್ಲದಿದ್ದರೆ ಅದು ಕಾಯಕದ ವೇಷ ತೊಟ್ಟ ಆಶೆ.

ನಮ್ಮ ರೈತರಿಗೆ ಅಳತೆ ಗೊತ್ತಿಲ್ಲವೆಂದಲ್ಲ. ಕಾಲುವೆಯ ನೀರನ್ನು ಸದಾ ಹರಿಸುವುದಿಲ್ಲ. ನೀರಾವರಿ ಸಲಹಾ ಸಮಿತಿ ಸಭೆ ಸೇರಿ ಇಷ್ಟು ದಿನ ಚಾಲು, ಇಷ್ಟು ದಿನ ಬಂದ್ ಎಂದು ವಾರಾಬಂದಿ ಗೊತ್ತುಮಾಡುತ್ತದೆ. ಬಂದ್ ಮಾಡಿದ ದಿನ ಕಾಲುವೆ ಸೋಮಾರಿಯಾಯಿತೆಂದು ಯಾರೂ ಬೈಯುವುದಿಲ್ಲ. ಬಿಡುವಿಲ್ಲದೆ ನೀರು ನಿಲ್ಲಿಸಿಕೊಂಡ ಹೊಲಗಳು ಏನಾದವೆಂಬುದನ್ನು ಶಹಾಪುರ, ಸುರಪುರ ಕಡೆಯವರು ಕಣ್ಣಾರೆ ಕಂಡಿದ್ದಾರೆ. ಮೇಲೆ ಬಿಳಿ ಉಪ್ಪು ಎದ್ದು, ಸವಳು ಜವಳಾಗಿ, ಬಿತ್ತಿದ ಬೀಜ ಕೊಳೆಯುವ ಕರಿ ಭೂಮಿ. ಬಂಗಾರದಂಥ ನೆಲ ಕೆಟ್ಟದ್ದು ನೀರಿನ ಕೊರತೆಯಿಂದಲ್ಲ. ಮನೆತನಗಳೂ ಹಾಗೆಯೇ ಸವಳಾಗುವುದನ್ನು ನಾವು ಮಠದಲ್ಲಿ ಕುಳಿತು ನೋಡುತ್ತಿದ್ದೇವೆ. ಒಂದೇ ಸೂರಿನಡಿ ಇದ್ದೂ ಮಾತಿಲ್ಲ, ಮಾತೆಲ್ಲ ಲೆಕ್ಕದ್ದು.

ಸಂಕ್ರಾಂತಿಗೆ ಹೇಗೂ ಹೊಳೆಗೆ ಹೋಗುತ್ತೇವಲ್ಲ, ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಕೂಡಿ ಉಣ್ಣುತ್ತೇವಲ್ಲ, ಅಲ್ಲಿಯ ತನಕ ತಡೆಯಬಾರದಿತ್ತೇ ಎಂದು ಅಣ್ಣ ಕೇಳಿದ. ಹಿರಿಯರು ಹಿಂಗಾರಿ ಕೆಲಸದ ನಡುವೆಯೇ ಅಂಥ ದಿನಗಳನ್ನು ಇಟ್ಟದ್ದು ವಿವೇಕ. ಆದರೆ ಎಂಬತ್ತರ ತಾಯಿಗೆ ಎರಡು ತಿಂಗಳ ವಾಯಿದೆ ಹೇಳುವುದು ನಮಗೆ ಒಪ್ಪಿಗೆಯಾಗಲಿಲ್ಲ.

ಸಿದ್ಧಾಂತ ಶಿಖಾಮಣಿಯಲ್ಲಿ ರೇಣುಕ ಭಗವತ್ಪಾದರು ಅಗಸ್ತ್ಯ ಮಹರ್ಷಿಗೆ ದಾನವನ್ನು ಮೂರು ಬಗೆಯಾಗಿ ವಿವರಿಸಿದ್ದಾರೆ. ಫಲವನ್ನು ಬಯಸಿ ಕೊಡುವುದು ಸೋಪಾಧಿಕ, ಬಯಸದೆ ಕೊಡುವುದು ನಿರುಪಾಧಿಕ, ಕೊಡುವವ, ಕೊಳ್ಳುವವ, ಕೊಡುವ ವಸ್ತು ಎಲ್ಲವೂ ಶಿವನೆಂಬ ಅರಿವಿನಲ್ಲಿ ಕೊಡುವುದು ಸಹಜದಾನ. ಹೊನ್ನು, ಅನ್ನ, ಗೋವು ಮಾತ್ರ ದಾನದ ವಸ್ತುಗಳೆಂದು ತಿಳಿಯಬೇಕಿಲ್ಲ. ಈ ಕಾಲದಲ್ಲಿ ಎಲ್ಲಕ್ಕಿಂತ ತುಟ್ಟಿಯಾದದ್ದು ಹೊತ್ತು. ಬಿಡುವಾದಾಗ ಕೊಟ್ಟ ಹೊತ್ತಿಗೆ ಅಷ್ಟು ಬೆಲೆಯಿಲ್ಲ, ಉಳಿದದ್ದನ್ನು ಕೊಟ್ಟಂತೆ. ಇಲ್ಲದ ಹೊತ್ತನ್ನು ಲೆಕ್ಕ ಹಾಕದೆ ಕೊಟ್ಟ ಆ ತಮ್ಮ ಶಾಸ್ತ್ರ ಓದಿದವನಲ್ಲ, ಸಹಜದಾನದ ಹೊಸ್ತಿಲು ಮುಟ್ಟಿದ್ದ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಮೊದಲೇ ಗೊತ್ತುಮಾಡಿ ಹೊರಡುವ ಪ್ರವಾಸದಲ್ಲಿ ಮನೆಯ ಹೆಣ್ಣುಮಕ್ಕಳು ಮೂರು ದಿನ ಮುಂಚೆಯೇ ದಣಿದಿರುತ್ತಾರೆ. ಹೋಳಿಗೆ, ಕಡಬು, ನಾಲ್ಕು ಬಗೆಯ ಪಲ್ಯ ಮಾಡಿ, ನೀರಿನ ದಂಡೆಯಲ್ಲಿಯೂ ಬಡಿಸುವುದು ಅವರೇ. ಈ ಮನೆಯವರು ಹಿಂದಿನ ದಿನದ ಸಜ್ಜಿರೊಟ್ಟಿ, ಶೇಂಗಾ ಹಿಂಡಿ, ಒಂದು ಗಡಿಗೆ ಮೊಸರು ಬುತ್ತಿ ಕಟ್ಟಿಕೊಂಡು ಹೋಗಿದ್ದರು. ಸೊಸೆಯಂದಿರೂ ಕುಳಿತು ಉಂಡರಂತೆ.

ಹಾಗೆಂದು ನೀರಿನ ದಂಡೆಗೆ ಹೋಗುವವರೆಲ್ಲ ಪುಣ್ಯವಂತರೆಂದು ನಾವು ಹೇಳುವುದಿಲ್ಲ. ಸ್ನೇಹಿತರ ಗುಂಪು ಕಟ್ಟಿಕೊಂಡು ಹೋಗಿ ಕುಡಿದು ಬಾಟಲಿ ಒಡೆದು ಬರುವುದಕ್ಕೆ ಈ ಮಾತನ್ನು ಆಧಾರ ಮಾಡಿಕೊಳ್ಳಬಾರದು. ಗೇಟು ತೆರೆದಾಗ ಹೊಳೆಯ ಪಾತ್ರಕ್ಕೆ ಇಳಿಯಬಾರದು. ಕೃಷ್ಣೆಯಲ್ಲಿ ಮೊಸಳೆಗಳಿವೆ ಎಂಬುದನ್ನು ಫೋಟೊ ತೆಗೆಯುವ ಹುಮ್ಮಸ್ಸಿನಲ್ಲಿ ಮರೆಯಬಾರದು.

ಇಷ್ಟು ಹೇಳಿದ ಮೇಲೆ ನಾವು ತಮ್ಮನನ್ನು ಕೇಳಿದೆವು: ‘ಅವ್ವ ನೀರ ನೋಡಬೇಕಂದದ್ದು ಯಾಕಪ್ಪ?’

ಅವನು ತಲೆ ತಗ್ಗಿಸಿ, ‘ಅಕಿ ತವರೂರು ಅದರಾಗ ಐತ್ರಿ ಯಪ್ಪಾ’ ಎಂದ.

ಅಣೆಕಟ್ಟು ಪೂರ್ಣಗೊಂಡದ್ದು 1982ರಲ್ಲಿ. ಹತ್ತು ಕಿಲೋಮೀಟರಿಗೂ ಉದ್ದದ ಕಟ್ಟೆ, 30 ಗೇಟುಗಳು. ಅದರ ಹಿನ್ನೀರು ಮಲಪ್ರಭೆ ಕೃಷ್ಣೆಯರು ಕೂಡುವ ಸಂಗಮದ ತನಕ ಚಾಚಿದೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳ ಮುಳುಗಬಾರದೆಂದು ಸುತ್ತಲೂ ಬಾವಿಯಂತೆ ಎತ್ತರದ ಗೋಡೆ ಕಟ್ಟಿ ಉಳಿಸಿಕೊಂಡರು. ಇಂದು ನಾವೆಲ್ಲ ಮೆಟ್ಟಿಲಿಳಿದು ಹೋಗಿ ದರ್ಶನ ಪಡೆಯುತ್ತೇವೆ. ಉಚಿತವಾದ ಕೆಲಸ. ಆದರೆ ಆ ತಾಯಿಯ ತವರಿಗೆ ಯಾರು ಗೋಡೆ ಕಟ್ಟಿಯಾರು? ನಮ್ಮ ಸೀಮೆಯ ಹೊಲಗಳು ಹಸಿರಾದದ್ದು ಇಂಥ ಎಷ್ಟೋ ತವರುಗಳು ನೀರು ಹೊದ್ದು ಮಲಗಿದ್ದರಿಂದ. ಇವರ ಎರಡು ಎಕರೆಯ ಭತ್ತವೂ ಆ ನೀರಿನದೇ. ಆ ದಿನ ತಾಯಿ ದಂಡೆಯಲ್ಲಿ ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದು, ಆಮೇಲೆ ಸೊಸೆಯಂದಿರ ಕೈಯಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿಬಟ್ಟಲಿನ ಉಡಿಯನ್ನು ನೀರಿಗೆ ತುಂಬಿಸಿದರಂತೆ. ತವರಿನವರು ಮಗಳಿಗೆ ಉಡಿ ತುಂಬುವುದು ರೂಢಿ. ಇಲ್ಲಿ ಮಗಳೇ ತವರಿಗೆ ತುಂಬಿದಳು.

ವ್ಯಾಜ್ಯಕ್ಕೆ ನಾವು ಕೊಟ್ಟ ತೀರ್ಪು ಇಷ್ಟು. ಯಂತ್ರದವನಿಗೂ ಅಣ್ಣನಿಗೂ ಒಂದು ಫೋನು ಮಾಡದೆ ಹೋದದ್ದು ತಮ್ಮನ ತಪ್ಪು, ಅದಕ್ಕೆ ಅವನು ಅಣ್ಣನ ಕ್ಷಮೆ ಕೇಳಬೇಕು. ಹೋದದ್ದು ತಪ್ಪಲ್ಲ. ತಾಯಿ ಇಬ್ಬರಿಗೂ ತಾಯಿ, ಆದ್ದರಿಂದ ನಷ್ಟವೂ ಇಬ್ಬರದು.

ತಮ್ಮ ಅಲ್ಲಿಯೇ ಅಣ್ಣನ ಕಾಲು ಮುಟ್ಟಿದ. ಅಣ್ಣ ಒಪ್ಪಿದೆನೆಂದೂ ಹೇಳಲಿಲ್ಲ, ಒಲ್ಲೆನೆಂದೂ ಹೇಳಲಿಲ್ಲ. ಪ್ರಸಾದ ಮುಗಿಸಿ ಮಠದ ಮೆಟ್ಟಿಲು ಇಳಿಯುತ್ತಿದ್ದಾಗ ಅವನ ದನಿ ನಮಗೆ ಕೇಳಿಸಿತು. ಹಿರಿಯವನಾದ್ದರಿಂದ ಅವನಿಗೆ ಅಜ್ಜಿಯ ಮನೆಯ ನೆನಪಿರಬೇಕು.

‘ಅವ್ವ ಯಾವ ದಿಕ್ಕಿಗೆ ಕೈ ಮಾಡಿ ತೋರಿಸಿದಳೋ?’