ಗೃಹಸ್ಥನ ಯಂತ್ರವಿಚಾರ: ಚಲಿಸುವ ಮನೆಯ ಗೇರುಪೆಟ್ಟಿಗೆ

ಮನೆಯೆಂಬುದು ಒಂದೆಡೆ ನೆಲೆನಿಲ್ಲತಕ್ಕದ್ದು. ವಾಹನವೆಂಬುದು ಮುಂದೆ ಸಾಗತಕ್ಕದ್ದು. ಈ ಎರಡು ವಿರುದ್ಧ ಧರ್ಮಗಳು ಒಂದೇ ಆಶ್ರಯದಲ್ಲಿ ಕೂಡಿರುವ ವಸ್ತು ಮೋಟಾರ್‌ಹೋಮ್. ಅಮೆರಿಕದಲ್ಲಿ ಬಹಳವಾಗಿ ಬಳಕೆಯಲ್ಲಿರುವ ಈ ದೊಡ್ಡ ಬಂಡಿಯೊಳಗೆ ಅಡಿಗೆಯ ಒಲೆ, ಮಲಗುವ ಮಂಚ, ಸ್ನಾನದ ಕೋಣೆ, ನೀರಿನ ತೊಟ್ಟಿ ಇವೆಲ್ಲವೂ ಇರುತ್ತವೆ. ಕೆಲಸದಿಂದ ನಿವೃತ್ತರಾದ ಎಷ್ಟೋ ದಂಪತಿಗಳು ಇದ್ದ ಮನೆಯನ್ನು ಮಾರಿ ಇದರಲ್ಲಿಯೇ ವಾಸಮಾಡುವುದುಂಟು. ಆ ದೇಶದಲ್ಲಿ ನೆಲಸಿರುವ ನಮ್ಮ ಮಕ್ಕಳೂ ಊರಿನಿಂದ ಬಂದ ತಾಯಿತಂದೆಗಳನ್ನು ಬೇಸಗೆಯಲ್ಲಿ ಬಾಡಿಗೆಯ ಮೋಟಾರ್‌ಹೋಮಿನಲ್ಲಿ ಪರ್ವತಪ್ರಾಂತಗಳಿಗೆ ಕರೆದೊಯ್ಯುವರು. ಇಂಥ ಬಂಡಿಯ ಗೇರುಪೆಟ್ಟಿಗೆ ಕೆಟ್ಟರೆ ಸಂಸಾರದ ಸೂರೇ ದಾರಿಯ ಮಗ್ಗುಲಲ್ಲಿ ನಿಂತುಬಿಡುತ್ತದೆ. ಅದನ್ನು ಬಿಚ್ಚಿ ಪುನಃ ಕಟ್ಟಿಸಬೇಕಾದರೆ ಸಾವಿರಾರು ಡಾಲರುಗಳ ವೆಚ್ಚ. ಆದರೆ ಅನೇಕ ವೇಳೆ ದೋಷವಿರುವುದು ಗೇಣುದ್ದದ ಒಂದು ರಬ್ಬರು ನಳಿಕೆಯಲ್ಲಿ. ಆದುದರಿಂದಲೇ ಈ ವಿಚಾರವನ್ನು ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ವೈದ್ಯಶಾಸ್ತ್ರದಲ್ಲಿ ರೋಗವನ್ನು ಅರಿಯಲು ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಸಾಧನಗಳನ್ನು ಹೇಳಿದೆ. ರೋಗವನ್ನು ತಿಳಿಯುವ ಮುನ್ನ ಚಿಕಿತ್ಸೆಗೆ ಕೈಹಾಕಬಾರದೆಂಬುದು ಅದರ ಅಭಿಪ್ರಾಯ. ಯಂತ್ರಕ್ಕೂ ಈ ನಿಯಮವು ಸಲ್ಲುವುದು.

ಉದಾಹರಣೆಗೆ ಜಿಎಂಸಿ ಮೋಟಾರ್‌ಹೋಮನ್ನು ತೆಗೆದುಕೊಳ್ಳೋಣ. 1973ರಿಂದ 1978ರವರೆಗೆ ತಯಾರಾದ ಈ ಬಂಡಿಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ. ಭಾರ ಸುಮಾರು ಐದು ಟನ್ನು. ಇದರ ಗೇರುಪೆಟ್ಟಿಗೆಗೆ ಟರ್ಬೊ-ಹೈಡ್ರಮ್ಯಾಟಿಕ್ 425 ಎಂದು ಹೆಸರು. 1964ರಲ್ಲಿ ಬಂದ 400 ಎಂಬುದರ ಸೋದರ. ಮುಂದಕ್ಕೆ ಮೂರು ಗೇರುಗಳು. ಸಾರಥಿಯು ಕಾಲಿನಿಂದ ಕ್ಲಚ್ಚನ್ನು ಒತ್ತಬೇಕಾಗಿಲ್ಲ. ಒತ್ತಡಕ್ಕೊಳಗಾದ ಎಣ್ಣೆಯೇ ಒಳಗಿನ ಕ್ಲಚ್ಚುಗಳನ್ನು ಬಿಗಿಹಿಡಿದು ಸಡಿಲಿಸಿ ಗೇರನ್ನು ಬದಲಿಸುತ್ತದೆ.

ಯಾವಾಗ ಬದಲಿಸಬೇಕೆಂದು ಪೆಟ್ಟಿಗೆಗೆ ತಿಳಿಸುವ ದೂತರು ಇಬ್ಬರು. ಗವರ್ನರ್ ಎಂಬವನು ಬಂಡಿಯ ವೇಗವನ್ನು ತಿಳಿಸುತ್ತಾನೆ. ಮಾಡ್ಯುಲೇಟರ್ ಎಂಬವನು ಎಂಜಿನಿನ ಮೇಲಿರುವ ಭಾರವನ್ನು ತಿಳಿಸುತ್ತಾನೆ. ಎಂಜಿನು ಹಗುರವಾಗಿ ನಡೆಯುವಾಗ ಅದು ಗಾಳಿಯನ್ನು ಎಳೆದುಕೊಳ್ಳುವ ಮಾರ್ಗದಲ್ಲಿ ನಿರ್ವಾತವು ಹೆಚ್ಚಿರುತ್ತದೆ. ದಿಣ್ಣೆ ಹತ್ತುವಾಗ ಕುಗ್ಗುತ್ತದೆ. ಈ ಏರಿಳಿತವು ಒಂದು ಸಣ್ಣ ಕೊಳವೆಯ ಮೂಲಕ ಮಾಡ್ಯುಲೇಟರಿನ ತೆಳುಪೊರೆಯನ್ನು ಮುಟ್ಟುತ್ತದೆ. ವೇಗದ ಒತ್ತಡ ಒಂದು ತಟ್ಟೆಯಲ್ಲಿ, ಭಾರದ ಒತ್ತಡ ಇನ್ನೊಂದು ತಟ್ಟೆಯಲ್ಲಿ ಇರುವ ತಕ್ಕಡಿಯೆಂದು ಭಾವಿಸಬಹುದು. ವೇಗದ ತಟ್ಟೆ ಗೆದ್ದಾಗ ಮೇಲಿನ ಗೇರು ಬೀಳುವುದು.

ಪರೀಕ್ಷೆಯಲ್ಲಿ ಮೊದಲನೆಯದು ಎಣ್ಣೆ. ಬಂಡಿಯನ್ನು ಕೆಲವು ಮೈಲಿ ಓಡಿಸಿ, ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲೆ, ಸಮನಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಡತಕ್ಕದ್ದು. ಬ್ರೇಕನ್ನು ಒತ್ತಿಹಿಡಿದು ಹಿಡಿಯನ್ನು ಎಲ್ಲ ಸ್ಥಾನಗಳಲ್ಲಿಯೂ ನಿಧಾನವಾಗಿ ಸರಿಸಿ, ಪಾರ್ಕ್ ಸ್ಥಾನಕ್ಕೆ ತಂದು, ಎಂಜಿನು ನಡೆಯುತ್ತಿರುವಾಗಲೇ ಅಳತೆಯ ಕಡ್ಡಿಯನ್ನು ನೋಡಬೇಕು. ಎಂಜಿನನ್ನು ನಿಲ್ಲಿಸಿ ನೋಡಿದರೆ ಅಳತೆ ಸುಳ್ಳಾಗುವುದು. ಎಣ್ಣೆ ಕಡಮೆಯಾದರೆ ಗೇರು ತಡವಾಗಿ ಹಿಡಿಯುತ್ತದೆ, ಜಾರುತ್ತದೆ. ಹೆಚ್ಚಾದರೂ ತಿರುಗುವ ಚಕ್ರಗಳು ಅದನ್ನು ಕಡೆದು ನೊರೆಯಾಗಿಸುವುದರಿಂದ ಜಾರಿಕೆಯೇ ಫಲ. ಬಣ್ಣವನ್ನೂ ನೋಡಬೇಕು. ಕೆಂಪಾಗಿ ತಿಳಿಯಾಗಿದ್ದರೆ ಕ್ಷೇಮ. ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ಚುಗಳು ಬೆಂದಿವೆ. ಹಾಲು ಬೆರೆಸಿದಂತೆ ನಸುಗೆಂಪಾಗಿದ್ದರೆ ರೇಡಿಯೇಟರಿನ ನೀರು ಎಣ್ಣೆಯೊಳಕ್ಕೆ ಸೇರಿದೆ. ಆಗ ಒಂದು ಮೈಲಿಯನ್ನೂ ಓಡಿಸಲಾಗದು.

ಎಣ್ಣೆ ಸರಿಯಾಗಿದ್ದೂ ಗೇರು ತಡವಾಗಿ, ಗುದ್ದಿದಂತೆ ಬೀಳುತ್ತಿದ್ದರೆ ಮಾಡ್ಯುಲೇಟರಿನ ಕೊಳವೆಯನ್ನು ಸಂದೇಹಿಸಬೇಕು. ಅದರ ತುದಿಗಳಲ್ಲಿರುವ ರಬ್ಬರು ನಳಿಕೆಗಳು ಕಾಲಕ್ರಮದಲ್ಲಿ ಬಿರಿಯುತ್ತವೆ. ಬಿರಿದೊಡನೆ ನಿರ್ವಾತದ ಸುದ್ದಿ ಪೆಟ್ಟಿಗೆಯನ್ನು ಮುಟ್ಟದು. ಬಂಡಿ ಸದಾ ಬೆಟ್ಟ ಹತ್ತುತ್ತಿದೆಯೆಂದು ಅದು ಭ್ರಮಿಸುತ್ತದೆ. ನಳಿಕೆಯನ್ನು ಮಾಡ್ಯುಲೇಟರಿನ ಕಡೆಯಿಂದ ಕಳಚಿ ಮಾಪಕವನ್ನು ತೊಡಿಸಿ ನೋಡಿದರೆ, ಆರೋಗ್ಯವಾದ ಎಂಜಿನು ಸಮುದ್ರಮಟ್ಟದ ಊರಿನಲ್ಲಿ ನಿಂತು ನಡೆಯುವಾಗ ಸುಮಾರು 17ರಿಂದ 21 ಅಂಗುಲದಷ್ಟು ನಿರ್ವಾತವನ್ನು ತೋರುವುದು. ಪ್ರತಿ ಸಾವಿರ ಅಡಿಯ ಎತ್ತರಕ್ಕೆ ಸುಮಾರು ಒಂದು ಅಂಗುಲ ಇಳಿಯುವುದರಿಂದ, 5,280 ಅಡಿ ಎತ್ತರದ ಡೆನ್ವರ್ ನಗರದಲ್ಲಿ ಐದು ಅಂಗುಲ ಕಡಮೆ ಕಂಡರೆ ಗಾಬರಿಪಡಬೇಕಾಗಿಲ್ಲ.

ಕಳಚಿದ ನಳಿಕೆಯೊಳಗೆ ಕೆಂಪೆಣ್ಣೆ ಕಂಡಿತೆನ್ನಿ. ಪೊರೆ ಹರಿದಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆಗ ಎಂಜಿನು ಗೇರಿನ ಎಣ್ಣೆಯನ್ನು ಹೀರಿ ಸುಡುತ್ತದೆ. ಹಿಂದೆ ಬಿಳಿಯ ಹೊಗೆ ಏಳುತ್ತದೆ. ನೆಲದ ಮೇಲೆ ಒಂದು ತೊಟ್ಟೂ ಬೀಳದಿದ್ದರೂ ಎಣ್ಣೆ ಕಡಮೆಯಾಗುತ್ತ ಬರುವುದು. ಇದಕ್ಕೆ ಪೆಟ್ಟಿಗೆಯನ್ನು ಇಳಿಸಬೇಕಾಗಿಲ್ಲ. ಹೊರಬದಿಯಲ್ಲಿರುವ ಮಾಡ್ಯುಲೇಟರನ್ನು ಕಳಚಿ ಹೊಸದನ್ನು ಕೂಡಿಸಿ, ಕಡಮೆಯಾದ ಎಣ್ಣೆಯನ್ನು ತುಂಬಿದರೆ ಆಯಿತು.

ಇಷ್ಟರಿಂದಲೂ ಗುಣವಾಗದಿದ್ದರೆ ಆಕ್ಸಿಲರೇಟರಿನ ಬಳಿಯಿರುವ ವಿದ್ಯುತ್ ಸ್ವಿಚ್ಚನ್ನು ನೋಡಬೇಕು. ಪೂರ್ತಿ ತುಳಿದಾಗ ಕೆಳಗಿನ ಗೇರಿಗೆ ಇಳಿಸುವ ಸೊಲೆನಾಯ್ಡಿಗೆ ಇದೇ ಅಪ್ಪಣೆ ಕೊಡುವುದು. ತಂತಿ ಕಳಚಿದ್ದರೆ ಏರಿನಲ್ಲಿ ಗೇರು ಇಳಿಯದು. ಸ್ವಿಚ್ಚು ಸದಾ ಕೂಡಿಕೊಂಡೇ ಇದ್ದರೆ ಮೇಲಿನ ಗೇರು ಬೇಗ ಬೀಳದು. ಮೊದಲನೆಯ ಗೇರನ್ನು ಬಿಟ್ಟು ಏಳದಿದ್ದರೆ ಗವರ್ನರ್ ಸಿಕ್ಕಿಕೊಂಡಿರಬಹುದು.

ಹೊಸ ಬಂಡಿಗಳಲ್ಲಿ ದೂತರ ಕೆಲಸವನ್ನು ಕಂಪ್ಯೂಟರು ವಹಿಸಿಕೊಂಡಿದೆ. 1989ರಲ್ಲಿ ಬಂದ ಫೋರ್ಡಿನ ಇ4ಒಡಿ, 2000ದಲ್ಲಿ ಬಂದ ಅಲಿಸನ್ 1000 ಈ ಬಗೆಯವು. ಇವುಗಳಲ್ಲಿ ಎಣ್ಣೆಯನ್ನು ನೋಡಿದ ಬಳಿಕ ಬ್ಯಾಟರಿಯ ತುದಿಗಳನ್ನೂ ಚೌಕಟ್ಟಿಗೆ ಕಟ್ಟಿದ ತಂತಿಗಳನ್ನೂ ಉಜ್ಜಿ ಶುದ್ಧಮಾಡತಕ್ಕದ್ದು. ವಿದ್ಯುತ್ತು ದುರ್ಬಲವಾದರೆ ಕಂಪ್ಯೂಟರಿನ ವಿವೇಕವೂ ಕೆಡುವುದು. 1996ರಿಂದೀಚಿನ ಲಘುವಾಹನಗಳಲ್ಲಿ ಸಣ್ಣ ಉಪಕರಣವನ್ನು ಚುಚ್ಚಿ ದೋಷದ ಸಂಕೇತವನ್ನು ಓದಬಹುದು. ಪಿ0700 ಎಂಬುದು ಗೇರಿನ ವ್ಯವಸ್ಥೆಯಲ್ಲಿ ದೋಷವಿದೆಯೆಂದಷ್ಟೇ ಹೇಳುತ್ತದೆ. ಜೊತೆಯಲ್ಲಿ ಬರುವ ಇತರ ಸಂಕೇತಗಳೇ ದೋಷದ ಸ್ಥಾನವನ್ನು ಸೂಚಿಸತಕ್ಕವು.

ಇನ್ನು ತಾಪದ ವಿಚಾರ. ಗೇರುಪೆಟ್ಟಿಗೆಗೆ ಅದರಷ್ಟು ದೊಡ್ಡ ಶತ್ರು ಮತ್ತೊಂದಿಲ್ಲ. ಎಣ್ಣೆಯು ಸುಮಾರು 175ರಿಂದ 200 ಡಿಗ್ರಿ ಫ್ಯಾರನ್‌ಹೀಟಿನಲ್ಲಿದ್ದರೆ ಹಿತ. ದೀರ್ಘವಾದ ಏರಿನಲ್ಲಿ ಅದನ್ನು ಬಹಳ ಮೀರಿದರೆ, ರಸ್ತೆಯಿಂದ ದೂರ ಸರಿದು, ಅಡ್ಡಗಟ್ಟೆ ಕೊಟ್ಟು, ಪಾರ್ಕ್ ಸ್ಥಾನದಲ್ಲಿಟ್ಟು ಎಂಜಿನನ್ನು ತುಸು ಚುರುಕಾಗಿ ನಡೆಯಬಿಡಬೇಕು. ಎಣ್ಣೆಯು ರೇಡಿಯೇಟರಿನ ಮೂಲಕ ಸುತ್ತಿ ತಣಿಯುವುದು. ಇಳಿಜಾರಿನ ಅಪಾಯ ಇದಕ್ಕಿಂತ ಘೋರವಾದುದು. ಕೆಳಗಿನ ಗೇರಿನಲ್ಲಿ ಎಂಜಿನು ಬಂಡಿಯನ್ನು ತಡೆಹಿಡಿಯುತ್ತದೆ. ಗೇರು ಜಾರಿದರೆ ಐದು ಟನ್ನಿನ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುವುದು. ಬ್ರೇಕು ಕಾಯ್ದು ಸೋತರೆ ಒಳಗಿರುವ ಹೆಂಡಿರುಮಕ್ಕಳ ಗತಿಯೇನು? ಆದುದರಿಂದ ಇಳಿಜಾರಿನ ತಲೆಯಲ್ಲಿಯೇ, ವೇಗ ಏರುವುದಕ್ಕೆ ಮುಂಚೆ, ಕೆಳಗಿನ ಗೇರಿಗೆ ಬರತಕ್ಕದ್ದು. ಜಾರುವ ಗೇರುಳ್ಳ ಬಂಡಿಯನ್ನು ಘಟ್ಟಕ್ಕೆ ಒಯ್ಯಲೇಬಾರದು.

ಉಪಶಯವೆಂದರೆ ಔಷಧವನ್ನು ಕೊಟ್ಟು, ಗುಣ ಕಂಡರೆ ರೋಗವನ್ನು ನಿಶ್ಚಯಿಸುವುದು. ಇಲ್ಲಿಯೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬಂಡಿಯನ್ನು ಓಡಿಸಿ ನೋಡಿ, ಫಲವನ್ನು ಬರೆದಿಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗುಣವಾದರೂ ಕಾರಣ ತಿಳಿಯದು. ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ, ಎಣ್ಣೆ ತಣ್ಣಗಿದ್ದಾಗಲೋ ಬಿಸಿಯಾದಾಗಲೋ ದೋಷ ತೋರಿತೆಂಬ ಬರಹವನ್ನು ಮೆಕ್ಯಾನಿಕನ ಕೈಗೆ ಕೊಟ್ಟರೆ ಆತನ ಕೆಲಸವೂ ಹಗುರ, ನಮ್ಮ ವೆಚ್ಚವೂ ಹಗುರ. ಎಣ್ಣೆಯನ್ನೂ ನಳಿಕೆಯನ್ನೂ ನೋಡದೆ “ಪೆಟ್ಟಿಗೆಯನ್ನೇ ಬದಲಿಸಬೇಕು” ಎನ್ನುವವನಿಗೆ ನಮಸ್ಕಾರ ಹೇಳಿ, ನೋಡಿ ಹೇಳುವವನನ್ನು ಹುಡುಕುವುದು ಗೃಹಸ್ಥನಿಗೆ ಶ್ರೇಯಸ್ಕರ.